ನೆರಳು ನೋಡಿ ಗಾಡಿ ನಿಲ್ಲಿಸುತ್ತಿದ್ದವರು

ಈ ಸಲ ಯುಗಾದಿಗೆ ಮೊದಲೇ ಬಿಸಿಲು ಕೆಂಡವಾಗಿತ್ತು. ಒಂದು ಬೆಳಿಗ್ಗೆ ಶಿಗ್ಗಾಂವಿಯ ನಮ್ಮ ಪಶು ಆಸ್ಪತ್ರೆಯ ಅಂಗಳಕ್ಕೆ ಕಾರು ತಂದವಳು, ಬೇವಿನ ಮರದ ಪಶ್ಚಿಮಕ್ಕೆ ಚಾಚಿದ್ದ ತಂಪು ನೆರಳನ್ನು ಬಿಟ್ಟು, ಮರದ ಪೂರ್ವಕ್ಕೆ ಬಿಸಿಲಿನಲ್ಲೇ ನಿಲ್ಲಿಸಿದೆ. ಹೊಸದಾಗಿ ಬಂದಿರುವ ಕಂಪೌಂಡರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅಷ್ಟು ಚೊಲೊ ನೆರಳ ಬಿಟ್ಟು ಬಿಸಲಾಗ ಯಾಕ ನಿಂದರಸಿದ್ರಿ ಮ್ಯಾಡಮ್ಮಾರ?" ಎಂದ.

"ಮಧ್ಯಾಹ್ನ ಬಂದು ನೋಡಪಾ" ಎಂದೆ.

ಒಳಗೆ ಹೋಗಿ ಕುಳಿತ ಮೇಲೆ ಯಾಕೋ ಕೆಲಸ ಸಾಗಲಿಲ್ಲ. ಆ ಮಾತು ನನ್ನದಾಗಿರಲಿಲ್ಲ. "ಈಗಿನ ನೆರಳ ನೋಡಬ್ಯಾಡ ತಂಗಿ. ನೀ ಹೊಳ್ಳಿ ಬರೂ ಹೊತ್ತಿಗೆ ನೆರಳ ಎಲ್ಲಿರತೈತಿ, ಅದನ್ನ ನೋಡು" ಎಂದು ನನಗೆ ಹೇಳಿಕೊಟ್ಟವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರಿಲ್ಲದ ಮೊದಲ ಬೇಸಿಗೆ ಇದು.

ನಾನು ಕೆಲಸಕ್ಕೆ ಸೇರಿದ್ದು ಹಾನಗಲ್ಲಿನಲ್ಲಿ, ಅವರ ಕೈಕೆಳಗೆ. ಅವರು ಆಗಲೇ ಹಿರಿಯ ಪಶುವೈದ್ಯರು. ಎತ್ತರದ ಆಳು. ಅರ್ಧ ತೋಳಿನ ಬಿಳಿ ಅಂಗಿ, ಹೆಗಲ ಮೇಲೆ ಯಾವಾಗಲೂ ಮೈ ಒರೆಸುವ ಒಂದು ಸಣ್ಣ ಪಂಚೆ. ಮಾತು ಸಾವಕಾಶ, ನಡಿಗೆ ಲಗುಬಗೆ. ಹಳೆಯದೊಂದು ಬಿಳಿಯ ಸಣ್ಣ ಕಾರು ಅವರ ಸ್ವಂತದ್ದು. ಅದರಲ್ಲೇ ಹಾನಗಲ್ಲಿನಿಂದ ಹಿರೇಕೆರೂರಿನ ತನಕ, ಇತ್ತ ಶಿಗ್ಗಾಂವಿ, ಸವಣೂರಿನ ತನಕ ಓಡಾಡುತ್ತಿದ್ದರು. ಕಷ್ಟದ ಹೆರಿಗೆ ಇದ್ದರೆ ಬೇರೆ ತಾಲೂಕಿನ ಡಾಕ್ಟರುಗಳೂ ಇವರನ್ನೇ ಕರೆಸುತ್ತಿದ್ದರು. ಹೊಟ್ಟೆಯೊಳಗೆ ಕರು ಹೇಗೆ ತಿರುಗಿ ಕುಳಿತಿದ್ದರೂ ಅವರ ಬಲಗೈ ಅದನ್ನು ಹುಡುಕಿ ದಾರಿಗೆ ತರುತ್ತಿತ್ತು.

ಬೇಸಿಗೆ ಬಂತೆಂದರೆ ಅವರ ದಿನ ಕಾರಿನ ಸುತ್ತ ಒಂದು ಪ್ರದಕ್ಷಿಣೆಯಿಂದ ಶುರುವಾಗುತ್ತಿತ್ತು. ಹೊತ್ತು ಏರುವ ಮೊದಲೇ, ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು. ಬಿಸಿಲಲ್ಲಿ ಓಡಿ ಬಂದ ಟೈರಿನ ಗಾಳಿ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ರೇಡಿಯೇಟರಿನ ಜಾಲರಿಗೆ ಅಂಟಿದ ಭತ್ತದ ಹೊಟ್ಟು, ಹುಳ, ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಬ್ಯಾಟರಿಯ ನೀರು ನೋಡಬೇಕು. ನಿಲ್ಲಿಸಿ ಹೋಗುವಾಗ ವೈಪರುಗಳನ್ನು ಗಾಜಿನಿಂದ ಎತ್ತಿಡಬೇಕು, ಇಲ್ಲದಿದ್ದರೆ ರಬ್ಬರು ಕರಗಿ ಅಂಟುತ್ತದೆ. ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಬೇಕು. ಕಾಗೆ ಹಿಕ್ಕೆ ಹಾಕಿದ್ದರೆ ಅಲ್ಲೇ, ಆಗಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನದ ತನಕ ಬಿಟ್ಟರೆ ಬಣ್ಣ ಸುಟ್ಟು ಕಲೆ ನಿಲ್ಲುತ್ತದೆ.

ಮುಂದಿನ ಗಾಜಿಗೆ ಒಳಗಿನಿಂದ ಹಾಕಲು ಅವರ ಬಳಿ ಒಂದು ಪರದೆ ಇತ್ತು. ಹೆಂಡತಿಯ ಹಳೆಯ ನೂಲಿನ ಸೀರೆಯನ್ನು ನಾಲ್ಕು ಪದರ ಮಡಿಚಿ ಹೊಲಿಸಿದ್ದು. ಆ ಸೀರೆಯ ವಿಷಯ ಬಂದಾಗಲೆಲ್ಲ ಅಕ್ಕಾರು, ಅಂದರೆ ಅವರ ಹೆಂಡತಿ, ನನ್ನ ಮುಂದೆ ಹೇಳುತ್ತಿದ್ದರು:

"ಹರದಿದ್ದಿಲ್ಲವಾ ಅದು, ಚೊಲೊ ಇತ್ತು. ನಾ ತವರಿಗೆ ಹೋದಾಗ ಹೊಲಿಸ್ಯಾರ. ನಂಗ ಒಂದ ದಿನ ಕೇಳಿಲ್ಲ, ಬಿಸಲಾಗ ನೀ ಹೆಂಗ ಅದಿ ಅಂತ. ಗಾಡಿಗೆ ಮಾತ್ರ ಸೀರಿ ಉಡಸ್ಯಾರ ನಿಮ್ಮ ಸಾಹೇಬ್ರು."

ಅವರು ಓದುತ್ತಿದ್ದ ಪೇಪರು ಕೆಳಗಿಳಿಸದೆ, "ನೀ ಬಾಯಿ ತಗದು ಹೇಳತೀ, ಅದು ಹೇಳೂದಿಲ್ಲಲಾ" ಎನ್ನುತ್ತಿದ್ದರು.

ದನದ ಡಾಕ್ಟರು, ಹಾಗಾಗಿ ಕಾರನ್ನೂ ಎತ್ತಿನ ಹಾಗೆ ಸಾಕಿದ್ದಾರೆ ಎಂದು ಜನ ಮೆಚ್ಚಿ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಗಾಡಿ ಗಾಡಿನ, ಎತ್ತು ಎತ್ತ. ಗಾಡಿಗೆ ಜೀವ ಇಲ್ಲ. ಅದು ಕೆಟ್ಟು ನಿಂತ್ರ ಆ ಕಡೆ ಒಂದು ಜೀವ ಹೋಗತೈತಿ, ಅದಕ್ಕ ನೋಡತೇನಿ ಅಷ್ಟ" ಎನ್ನುತ್ತಿದ್ದರು. ಇದು ಬರಿ ಮಾತಲ್ಲ ಎಂದು ನನಗೆ ಗೊತ್ತಾದದ್ದು ಆಡೂರಿನಲ್ಲಿ. ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಹೋಗಿದ್ದೆವು. ಊರ ಹೊರಗೆ ಒಂದೇ ಒಂದು ದೊಡ್ಡ ಆಲದ ಮರ. ಇವರ ಸ್ವಭಾವ ಬಲ್ಲ ರೈತರು ದನಗಳನ್ನೆಲ್ಲ ಬಯಲಿಗೆ ಕಟ್ಟಿ, ಮರದ ಕೆಳಗೆ ಕಾರಿಗೆಂದು ಜಾಗ ಗುಡಿಸಿ ನೀರು ಚಿಮುಕಿಸಿ ಇಟ್ಟಿದ್ದರು.

"ಬರ್ರಿ ಸಾಹೇಬ್ರ, ಗಾಡಿ ಇಲ್ಲೆ ತರ್ರಿ" ಎಂದು ಒಬ್ಬ ಹಿರಿಯರು ಕೈ ಮಾಡಿದರು.

ಇವರು ಕಾರನ್ನು ನಡು ಬಯಲಿಗೆ ಒಯ್ದು ನಿಲ್ಲಿಸಿ ಇಳಿದು, "ದನಾ ಬಿಚ್ಚರಿ, ನೆರಳಿಗೆ ಕಟ್ರಿ. ಬಾಯಿ ತಗದು ತೇಕಾಕತ್ತಾವ, ಕಾಣವಲ್ದೇನ್ರಿ?" ಎಂದರು. ಅಂದು ಕೆಲಸ ಮುಗಿದು ಹೊರಟಾಗ ಕಾರಿನ ಒಳಗೆ ಕೈಯಿಡುವಂತಿರಲಿಲ್ಲ. ನಾಲ್ಕೂ ಬಾಗಿಲು ತೆಗೆದು, ಒಂದು ಬಾಗಿಲನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಆಡಿಸಿ, ಒಳಗಿನ ಕಾವು ಹೊರಗೆ ಹೋಗುವ ತನಕ ಕಾದು, ಸ್ಟೇರಿಂಗಿಗೆ ಪಂಚೆ ಸುತ್ತಿ ಹಿಡಿದು ಬಂದರು. ದಾರಿಯುದ್ದಕ್ಕೂ ಒಂದು ಮಾತೂ ಗೊಣಗಲಿಲ್ಲ. ಅಕ್ಕಿಆಲೂರಿನ ಸಂತೆಯಲ್ಲಿ ಇಳಿದು ಇಬ್ಬರಿಗೂ ಮಜ್ಜಿಗೆ ಕೊಡಿಸಿದರು.

ಅದೇ ಅಕ್ಕಿಆಲೂರಿನ ಜನ ಅವರ ಬಗ್ಗೆ ಒಂದು ನಗೆಮಾತು ಕಟ್ಟಿದ್ದರು. ಸಂತೆಯ ದಿನ ನೆರಳೆಲ್ಲ ವ್ಯಾಪಾರದವರ ಪಾಲು. ಇವರು ಊರಾಚೆಯ ಯಾವುದೋ ಹುಣಸೆಮರ ಹುಡುಕಿ ಕಾರು ಬಿಟ್ಟು, ತಲೆಗೆ ಪಂಚೆ ಹಾಕಿಕೊಂಡು ನಡೆದು ಬರುತ್ತಿದ್ದರು. "ಸಾಹೇಬ್ರು ಗಾಡೀನ ನೆರಳಾಗ ಬಿಟ್ಟು ತಾವು ಬಿಸಲಾಗ ಬರ್ತಾರ ನೋಡಪಾ" ಎಂದು ಅಂಗಡಿಯವರು ನಗುತ್ತಿದ್ದರು. ಅವರೂ ನಗುತ್ತಿದ್ದರು.

ನನಗೆ ಕಾರು ಕಲಿಸಿದವರೂ ಅವರೇ. "ಸ್ಕೂಟರ್ ಮ್ಯಾಲೆ ಈ ಬ್ಯಾಸಗ್ಯಾಗ ಎಷ್ಟ ದಿನಾ ತಿರಗತೀ? ಕಲಿ" ಎಂದು ಹಾನಗಲ್ಲಿನ ಹೊರಗೆ, ಬೆಳಗಿನ ಹೊತ್ತು, ಜನ ಓಡಾಡದ ದಾರಿಯಲ್ಲಿ ಕೂಡಿಸಿ ಕಲಿಸಿದರು. ಕ್ಲಚ್ಚು, ಗೇರು ಕಲಿಸುವುದಕ್ಕಿಂತ ಮೊದಲು ಕಲಿಸಿದ್ದು ಬಾನೆಟ್ ತೆಗೆಯುವುದನ್ನು. ರೇಡಿಯೇಟರಿನ ಮುಚ್ಚಳದ ಮೇಲೆ ಬೆರಳಿಟ್ಟು ತೋರಿಸಿ ಹೇಳಿದರು:

"ಒಂದ ಮಾತು ನೆನಪಿಡು. ಎಂಜಿನ್ನು ಕಾಯ್ದಾಗ ಇದನ್ನ ಮುಟ್ಟಬ್ಯಾಡ. ಎಂಥಾ ಅವಸರ ಇರಲಿ. ಒಳಗ ನೀರು ಕುದಿಯಾಕತ್ತಿರತೈತಿ. ಮೊದಲ ಆರಲಿ. ತಣ್ಣೀರನ್ನೂ ಒಮ್ಮೆಲೆ ಸುರವಬ್ಯಾಡ, ಎಂಜಿನ್ನು ಸೀಳತೈತಿ. ಕೂಡಬೇಕು. ಕಾಯಬೇಕು."

ಆ ಮಾತನ್ನು ಮುರಿದವರು ಅವರೇ. ಅದನ್ನು ಹೇಳದೆ ಅವರ ಬಗ್ಗೆ ಬರೆದರೆ ಬರೆದಂತಾಗುವುದಿಲ್ಲ.

ವೈಶಾಖದ ಒಂದು ಮಧ್ಯಾಹ್ನ ಹಿರೇಕೆರೂರಿನ ಆಚೆಯ ಹಳ್ಳಿಯೊಂದರಿಂದ ಫೋನು ಬಂತು. ಎಮ್ಮೆಗೆ ಬೆಳಗಿನಿಂದ ನೋವು, ಕರುವಿನ ಕಾಲು ಕಾಣಿಸಿದೆ, ತಲೆ ಇಲ್ಲ. ನಾವಿಬ್ಬರೂ ಹೊರಟೆವು. ಡಾಂಬರು ಕರಗಿ ಟೈರಿಗೆ ಅಂಟುವ ಸದ್ದು ಕೇಳುತ್ತಿತ್ತು. ತಿಳವಳ್ಳಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾವು ತೋರಿಸುವ ಮುಳ್ಳು ಮೇಲೇರಿ ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ. ಅವರು ತಕ್ಷಣ ಬದಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ಬಾನೆಟ್ ಎತ್ತಿ, ದೂರ ಬಂದು ನಿಂತರು. ಎಲ್ಲವೂ ಅವರು ಕಲಿಸಿದಂತೆಯೇ.

ಮತ್ತೆ ಫೋನು. ಈ ಸಲ ಎಮ್ಮೆಯ ಒಡತಿಯೇ ಮಾತಾಡಿದಳು. ಅವಳ ದನಿ ನನಗೂ ಕೇಳುತ್ತಿತ್ತು.

"ಎಲ್ಲೆ ಅದೀರ್ರಿ ಸಾಹೇಬ್ರ? ಎಮ್ಮಿ ಮಲಗಿಬಿಟ್ಟೈತ್ರಿ, ಏಳವಲ್ದು. ಕಣ್ಣ ಮ್ಯಾಲೆ ಮಾಡಾಕತ್ತೈತ್ರಿ. ನನ್ನ ಮನಿ ನಡಸೂದ ಅದ ಐತ್ರಿ."

"ಬಂದ್ವಿ ನಮ್ಮವ್ವ, ಬಂದ್ವಿ" ಎಂದರು. ಫೋನು ಜೇಬಿಗಿಟ್ಟು ಎಂಜಿನ್ನಿನ ಹತ್ತಿರ ಹೋದರು. ಹೊರಳಿ ಬಂದರು. ಮತ್ತೆ ಹೋದರು. "ಸರ, ಇನ್ನಾ ಆರಿಲ್ರಿ" ಎಂದು ನಾನು ಹೇಳುತ್ತಿರುವಾಗಲೇ ಪಂಚೆಯನ್ನು ಒದ್ದೆ ಮಾಡಿ ಮುಚ್ಚಳದ ಮೇಲೆ ಹಾಕಿ ತಿರುಗಿಸಿದರು.

ಬುಸ್ಸೆಂದು ಎದ್ದ ಹಬೆಯಲ್ಲಿ ಒಂದು ಕ್ಷಣ ಅವರು ಕಾಣಲಿಲ್ಲ. ಕೂಗಲಿಲ್ಲ. ಹಿಂದಕ್ಕೆ ಸರಿದು ರಸ್ತೆಯ ಬದಿಯಲ್ಲಿ ಕುಳಿತರು. ಬಲಗೈ ಮುಂಗೈ ತನಕ ಕೆಂಪಾಗಿ, ನೋಡುತ್ತಿದ್ದಂತೆ ಊದತೊಡಗಿತ್ತು. ಪುಣ್ಯಕ್ಕೆ ಪಕ್ಕದ ಹೊಲದಲ್ಲಿ ಕರೆಂಟಿದ್ದು ಬೋರ್‌ವೆಲ್ ಓಡುತ್ತಿತ್ತು. ಅವರನ್ನು ಎಬ್ಬಿಸಿಕೊಂಡು ಹೋಗಿ ಪೈಪಿನ ಧಾರೆಯ ಕೆಳಗೆ ಕೈ ಹಿಡಿಸಿದೆ.

"ಹಿರೇಕೆರೂರ ದವಾಖಾನಿಗೆ ಹೋಗೂಣ್ರಿ ಸರ."

"ಹೋಗೂಣು. ಎಮ್ಮಿ ನೋಡಿಕೊಂಡ ಹೋಗೂಣು."

"ನಿಮಗ ಕೈ ಇಲ್ಲಲ್ರಿ ಈಗ!" ಅಳು ಬಂದು ಜೋರಾಗಿ ಅಂದುಬಿಟ್ಟೆ.

"ನಿಂಗ ಅದಾವಲಾ" ಎಂದರು.

ಅವರ ಕೈ ನೀರಿನಲ್ಲಿದ್ದಷ್ಟು ಹೊತ್ತಿನಲ್ಲಿ ಎಂಜಿನ್ನು ತಾನಾಗಿ ಆರಿತು. ಅವರು ಹೇಳಿದಂತೆ ಎಂಜಿನ್ನು ಚಾಲೂ ಮಾಡಿ, ಆ ಹೊಲದಲ್ಲಿ ಸಿಕ್ಕ ಕೊಡದಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಮುಚ್ಚಳ ಬಿಗಿದೆ. ನಡೆಸುವ ಜಾಗದಲ್ಲಿ ನಾನು ಕುಳಿತೆ. ದೊಡ್ಡ ರಸ್ತೆಯಲ್ಲಿ ಅದುವರೆಗೆ ನಾನು ಕಾರು ನಡೆಸಿರಲಿಲ್ಲ. ಅವರು ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಪಕ್ಕದಲ್ಲಿ ಕುಳಿತರು.

"ಹೀಟರ್ ಹಚ್ಚು. ಪೂರಾ ಹಚ್ಚು."

"ಈ ಬಿಸಲಾಗ ಹೀಟರ್ರಿ ಸರ?"

"ಹಚ್ಚು. ಎಂಜಿನ್ನಿನ ಕಾವು ಒಂದೀಟು ನಮ್ಮ ಮ್ಯಾಲೆ ಬರಲಿ. ಕಿಡಕಿ ತಗಿ. ನಾವು ತಡಕೊಂತೇವಿ."

ಹೊರಗಿನಿಂದ ಬಿಸಿಗಾಳಿ, ಒಳಗಿನಿಂದ ಬಿಸಿಗಾಳಿ. ಬೆವರು ಕಣ್ಣಿಗಿಳಿದು ರಸ್ತೆ ಮಸುಕಾಗುತ್ತಿತ್ತು. ಅವರು ಮುಳ್ಳನ್ನೇ ನೋಡುತ್ತ, "ಇಳೀತು... ಇಳೀತು... ಸಾವಕಾಶ ಹೊಡಿ" ಎನ್ನುತ್ತಿದ್ದರು.

ಎಮ್ಮೆಯ ಒಡತಿ ಅಂಗಳದಲ್ಲೇ ಎದುರಾದಳು. ಗಂಡನಿಲ್ಲದ ಹೆಂಗಸು, ಒಂದೆಮ್ಮೆಯ ಹಾಲಿನ ಮೇಲೆ ಸಂಸಾರ ಸಾಗಿಸುವವಳು. "ಈಗ ಬಂದ್ರೇನ್ರಿ?" ಎಂದು ಜಗಳಕ್ಕೇ ನಿಂತವಳು, ಅವರ ಕೈ ಕಂಡು ಬಾಯಿಗೆ ಸೆರಗು ಹಿಡಿದಳು. ಎಮ್ಮೆ ಕಾಲು ಚಾಚಿ ಮಲಗಿತ್ತು, ಆದರೆ ಉಸಿರಾಡುತ್ತಿತ್ತು. ನಾನು ತೋಳಿಗೆ ಎಣ್ಣೆ ಹಚ್ಚಿಕೊಂಡು ನೆಲಕ್ಕೆ ಒರಗಿದೆ. ಅಷ್ಟು ಕಷ್ಟದ ಹೆರಿಗೆ ನಾನೊಬ್ಬಳೇ ಮಾಡಿಸಿದ್ದಿಲ್ಲ. ಅವರು ನನ್ನ ಬೆನ್ನ ಹಿಂದೆ ಕುಕ್ಕುರುಗಾಲಲ್ಲಿ ಕುಳಿತರು.

"ಏನ ಸಿಕ್ತು?"

"ಕುತಿಗಿರಿ. ತಲಿ ಹಿಂದ ಹೊಳ್ಳೈತ್ರಿ."

"ಕರಾ ಮೊದಲ ಒಳಗ ನೂಕು. ಎಳೀಬ್ಯಾಡ. ಎಮ್ಮಿ ತಿಣಕೂದು ನಿಂದ್ರಲಿ, ಆವಾಗ ನೂಕು. ಹ್ಞಾ. ಈಗ ಕುತಿಗಿ ಗುಂಟ ಹೋಗು. ಕಿವಿ ಸಿಕ್ತೇನು? ಮುಂದ ಹೋಗು. ಬಾಯಿ ಸಿಗತೈತಿ. ಸಿಗತೈತಿ ತಂಗಿ, ಹೆದರಬ್ಯಾಡ."

ಬಾಯಿ ಸಿಕ್ಕಿತು. ಒಳಗೆ, ನನ್ನ ಬೆರಳಿಗೆ, ಕರುವಿನ ನಾಲಿಗೆ ಅಲುಗಿತು. "ಜೀವ ಐತ್ರಿ ಸರ!" ಎಂದು ಕೂಗಿದೆ. ಆಮೇಲೆ ಆ ಹೆಂಗಸು ಹೇಳಿದಳು, ಆಗ ಸಾಹೇಬರ ಕಣ್ಣಿಂದ ನೀರು ಇಳಿಯುತ್ತಿತ್ತು ಎಂದು. ನೋವಿಗೋ, ಬೇರೆ ಏನಕ್ಕೋ, ನಾನು ಯಾವತ್ತೂ ಕೇಳಲಿಲ್ಲ.

ಹೆಣ್ಣು ಕರು. ಮೈ ಒರೆಸುವಷ್ಟರಲ್ಲೇ ಸೀನಿತು. ಸ್ವಲ್ಪ ಹೊತ್ತಿಗೆ ಎಮ್ಮೆಯೂ ಎದ್ದು ನಿಂತು ಅದನ್ನು ನೆಕ್ಕತೊಡಗಿತು. ನಾವು ಆಸ್ಪತ್ರೆಗೆ ಹೋದೆವು.

ಕೈ ಗುಣವಾಯಿತು, ಆದರೆ ಮೊದಲಿನ ಕೈಯಾಗಿ ಉಳಿಯಲಿಲ್ಲ. ಚರ್ಮ ಬಿಗಿದು ಕಿರುಬೆರಳು, ಉಂಗುರಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಔಷಧ ಬರೆಯುತ್ತಿದ್ದರು, ಇಂಜೆಕ್ಷನ್ ಕೊಡುತ್ತಿದ್ದರು, ಕಾರು ನಡೆಸುತ್ತಿದ್ದರು. ಹೆರಿಗೆ ಮಾತ್ರ ಆಗಲಿಲ್ಲ. ನಾಲ್ಕು ತಾಲೂಕು ಹುಡುಕಿಕೊಂಡು ಬರುತ್ತಿದ್ದ ಆ ಕೈ ಅಲ್ಲಿಗೆ ಆ ಕೆಲಸದಿಂದ ನಿವೃತ್ತವಾಯಿತು. ಅಂದಿನಿಂದ ಯಾರೇ ಕರೆದರೂ ನನ್ನನ್ನು ಕೂಡಿಸಿಕೊಂಡು ಹೋಗಿ ಹಿಂದೆ ಕುಳಿತು ಹೇಳಿಕೊಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ಹೇಳಿಕೊಡುವುದನ್ನೂ ಬಿಟ್ಟರು. ಸುಮ್ಮನೆ ಕುಳಿತಿರುತ್ತಿದ್ದರು. ಅವರು ಹಿಂದೆ ಇದ್ದಾರೆ ಎಂಬುದೇ ನನಗೆ ಸಾಕಾಗುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಮತ್ತ ಅಂಥಾ ಹೊತ್ತು ಬಂದ್ರ ಹಂಗ ಮಾಡ್ತಿದ್ರೇನ್ರಿ ಸರ?"

ಹೌದು ಎನ್ನುತ್ತಾರೆ ಎಂದುಕೊಂಡಿದ್ದೆ.

"ಇಲ್ಲವಾ. ಕೂತು ಕಾಯ್ತಿದ್ದೆ. ನಾವು ಮುಟ್ಟೂತನಕಾ ಎಮ್ಮಿ ತಡಕೊಂಡಿತ್ತಲಾ? ಹೊಟ್ಟ್ಯಾಗಿನ ಕರಾನೂ ತಡಕೊಂಡಿತ್ತು. ತಡಕೊಳ್ಳದಾಂವ ನಾ ಒಬ್ಬನ." ಸ್ವಲ್ಪ ಬಿಟ್ಟು, "ಜನಾ ನನ್ನ ದೊಡ್ಡಾಂವನ್ನ ಮಾಡ್ಯಾರ. ನೀ ಮಾಡಬ್ಯಾಡ. ನೀ ಅಷ್ಟ ಕಾಯೂದು ಕಲಿ" ಎಂದರು.

ನಿವೃತ್ತಿಯಾದ ಮೇಲೆ ಸವಣೂರಿನ ತಮ್ಮ ಮನೆಗೆ ಹೋದರು. ನನಗೆ ಶಿಗ್ಗಾಂವಿಗೆ ವರ್ಗವಾಯಿತು. ಹತ್ತಿರವೇ. ರವಿವಾರಕ್ಕೊಮ್ಮೆ ಹೋದರೆ ಚುರುಮುರಿಯ ಜೊತೆ ಸವಣೂರಿನ ಕುರುಕಲು ಖಾರ, ಆಮೇಲೆ ಅವರದೇ ತೋಟದ ಎಳೆಯ ವೀಳ್ಯದೆಲೆ. ನಾನು ಹೋದೊಡನೆ ಮೊದಲು ನನ್ನ ಕಾರಿನ ಹತ್ತಿರ ಹೋಗಿ ಬಗ್ಗಿ ಟೈರು ನೋಡಿ, ಆಮೇಲೆ ನನ್ನ ಮುಖ ನೋಡಿ, "ಆರಾಮ ಅದಿಯೇನವಾ" ಎನ್ನುತ್ತಿದ್ದರು. ಯಾವುದಾದರೂ ಕಷ್ಟದ ಹೆರಿಗೆ ಮಾಡಿಸಿದ್ದರೆ ಅದನ್ನು ಮೊದಲಿನಿಂದ ಹೇಳಿಸಿಕೊಳ್ಳುತ್ತಿದ್ದರು. ಹೇಳುವಾಗ ಅವರ ಬಲಗೈ ತಾನಾಗಿ ಗಾಳಿಯಲ್ಲಿ ಆಡುತ್ತಿತ್ತು.

ಹೋದ ವೈಶಾಖದಲ್ಲಿ ಒಂದು ಬೆಳಿಗ್ಗೆ ಅವರ ಮಗಳ ಫೋನು ಬಂತು. ಚಹಾ ಕುಡಿದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತವರು ಹಾಗೆಯೇ ಹೋಗಿಬಿಟ್ಟಿದ್ದರು. ನಾನು ಹೋದಾಗ ವಿಭೂತಿ ಹಚ್ಚಿ, ಹೂವು ಹಾಕಿ ಕುಳ್ಳಿರಿಸಿದ್ದರು. ಮುಂದೆ ಭಜನೆ ನಡೆದಿತ್ತು. ತೋಳಿಲ್ಲದ ಅಂಗಿ ತೊಟ್ಟ ರೈತರು, ಸಾಬರು, ಅಂಗಡಿಯವರು, ಹಿರೇಕೆರೂರಿನ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದವರು ಓಣಿಯ ತುಂಬ ನಿಂತಿದ್ದರು. ಸಂಜೆಗೆ ಮೊದಲು ಅವರ ಹೊಲದಲ್ಲೇ, ವೀಳ್ಯದೆಲೆಯ ತೋಟದ ಬದುವಿಗೆ ಮಣ್ಣು ಮಾಡಿದರು.

ಮನೆಯ ಹಿತ್ತಿಲಲ್ಲಿ ಆ ಬಿಳಿಯ ಕಾರು ನಿಂತೇ ಇತ್ತು. ಮಳೆಗಾಲ, ಚಳಿಗಾಲ ಕಳೆದವು. ಅಳಿಯ ಮಾರೋಣವೆಂದರು. ಅಕ್ಕಾರು ಒಪ್ಪಲಿಲ್ಲ. ನಾನು ರವಿವಾರ ಹೋದಾಗ ಚಾಲೂ ಮಾಡಿ ಒಂದು ಸುತ್ತು ಹೊಡೆದು ತರುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ಕೆಲವು ವಾರ ತಪ್ಪಿತು. ಈ ಬೇಸಿಗೆಯ ಮೊದಲ ಬಿಸಿಲಿಗೆ ಬ್ಯಾಟರಿ ಸತ್ತು, ನಿಂತಲ್ಲೇ ನಿಂತ ಟೈರುಗಳು ಸೀಳು ಬಿಟ್ಟವು. ಅಕ್ಕಾರು ನನಗೆ ಫೋನು ಮಾಡಿದರು.

"ಬ್ಯಾಟರಿ, ಟೈರು ಎರಡೂ ಹೊಸಾವು ಹಾಕಸೇನವಾ. ಆದ್ರ ನೀ ಎಷ್ಟ ದಿನಾ ಬರ್ತೀ? ನಿಂದೂ ಸಂಸಾರ ಐತಿ. ನನಗ ಕಲಸು."

"ಅಕ್ಕಾರ, ಈ ವಯಸ್ಸಿನ್ಯಾಗರಿ?"

"ಬೆಂಗಳೂರಿಗೆ ಹೊಡಕೊಂಡ ಹೋಗತೇನಿ ಅಂದ್ನೇನು? ಮನಿಯಿಂದ ಹೊಲದ ತನಕ. ಅಷ್ಟ ಸಾಕ. ದಿನಾ ಹೋಗಬೇಕನಸತೈತಿ, ಬಿಸಲಾಗ ಕಾಲು ನಡಿಯವಲ್ಲವು."

ಹೊತ್ತು ಮೂಡುವ ಮೊದಲು, ಊರ ಹೊರಗಿನ ಬಯಲಲ್ಲಿ, ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕುಳಿತೂ ಗೇರು ಮುಟ್ಟದವರಿಗೆ ಕಲಿಸತೊಡಗಿದೆ. ಬೈದುಕೊಂಡರು, ನಕ್ಕರು, ಒಮ್ಮೆ ಜಾಲಿಯ ಕಂಟಿಗೆ ನುಗ್ಗಿಸಿದರು. ನಾನು ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತೋರಿಸಿದಾಗ ಮಾತ್ರ ಸೆರಗಿನಿಂದ ಅದನ್ನು ಒಮ್ಮೆ ಒರೆಸಿ, ಮುಖ ತಿರುಗಿಸಿ ನಿಂತರು.

ಹೋದ ರವಿವಾರ ಮೊದಲ ಸಲ ಅವರೇ ಹೊಲದ ದಾರಿ ಹಿಡಿದರು. ನಾನು ಪಕ್ಕದಲ್ಲಿದ್ದೆ. ಬಂಡಿ ದಾರಿ, ಎರಡೂ ಬದಿ ತೋಟ. ಮೊದಲ ಗೇರಿನಲ್ಲೇ, ಸ್ಟೇರಿಂಗನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, ತುಟಿ ಕಚ್ಚಿಕೊಂಡು ನಡೆಸಿದರು. ಬದುವಿನ ಹತ್ತಿರ, ಮಣ್ಣಿನ ದಿಬ್ಬ ಕಾಣುವಲ್ಲಿ ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿದರು. ಕಾರು ಮುಗ್ಗರಿಸಿ ನಿಂತಿತು, ಎಂಜಿನ್ನು ಓಡುತ್ತಲೇ ಇತ್ತು. ನಾನು ಗೇರನ್ನು ನ್ಯೂಟ್ರಲ್ಲಿಗೆ ತಂದೆ.

ಅವರು ಇಳಿಯಲಿಲ್ಲ. ತೆಗೆದ ಕಿಟಕಿಯಿಂದ ಆ ಕಡೆಗೇ ನೋಡುತ್ತ ಕುಳಿತರು. ಹಣೆಯ ಮೇಲೆ ಬೆವರು.

"ನೋಡ್ರಿ, ನಾನ ಹೊಡಕೊಂಡ ಬಂದೇನಿ" ಎಂದರು. ಗಟ್ಟಿಯಾಗಿಯೇ ಅಂದರು.

ಎಂಜಿನ್ನು ಆರಿಸಲು ನಾನು ಚಾವಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು.

"ತಡಿಯವಾ. ಆರಸಬ್ಯಾಡ. ಒಂದೀಟು ಕೇಳಲಿ."